ಹಲ್ಲಿನ ಡಾಕ್ಟರರ ಗಾಡಿ, ಓಣಿಯ ರೇಡಿಯೋ

ರೇಡಿಯೋ ದುರಸ್ತಿ ಮಾಡುವವನ ಕೈಗೆ ಕೆಟ್ಟ ರೇಡಿಯೋಗಳಿಗಿಂತ ಕೆಡದ ರೇಡಿಯೋಗಳೇ ಹೆಚ್ಚು ಬರುತ್ತವೆ. ಇದು ಒಗಟಿನ ಹಾಗೆ ಕೇಳಿಸೀತು, ಬಿಡಿಸಿ ಹೇಳುತ್ತೇನೆ. ರೇಡಿಯೋ ಸರಿಯಾಗಿಯೇ ಇರುತ್ತದೆ. ಪಕ್ಕದಲ್ಲೆಲ್ಲೋ ಒಂದು ವಿದ್ಯುತ್ ಮೋಟಾರು ತಿರುಗುತ್ತಿರುತ್ತದೆ. ಅದರೊಳಗೆ ಹಾರುವ ಸಣ್ಣ ಕಿಡಿಗಳ ತೊಂದರೆ ತಂತಿಯಲ್ಲೂ ಗಾಳಿಯಲ್ಲೂ ಹಾದು ಬಂದು ರೇಡಿಯೋದಲ್ಲಿ 'ಖರ್‌ರ್' ಎನ್ನುತ್ತದೆ. ಬೈಗುಳ ಮಾತ್ರ ಮೋಟಾರಿಗಲ್ಲ, ರೇಡಿಯೋಕ್ಕೆ. ಆಮೇಲೆ ಅದನ್ನು ದುರಸ್ತಿ ಮಾಡಿದವನಿಗೆ.

ಅರವತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಒಂದು ರೇಡಿಯೋ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಟೆಲಿವಿಷನ್ನನ್ನು ನಮ್ಮೂರಿನಲ್ಲಿ ಆಗ ಯಾರೂ ಕಂಡಿರಲಿಲ್ಲ. ನಾನು ಇದುವರೆಗೆ ಬರೆದದ್ದೆಂದರೆ ದುರಸ್ತಿಗೆ ಬಂದ ರೇಡಿಯೋಗಳ ಬೆನ್ನಿಗೆ ಅಂಟಿಸುವ ಚೀಟಿಗಳು: 'ಸದ್ದಿಲ್ಲ', 'ಸದ್ದು ಹೆಚ್ಚು', 'ಒಳಗೆ ಇಲಿ ಇದೆ, ಜಾಗ್ರತೆ'. ಇಷ್ಟುದ್ದ ಬರೆಯುವುದು ಇದೇ ಮೊದಲು. ಗೊತ್ತಿರುವುದನ್ನೇ ಮತ್ತೆ ವಿವರಿಸಿದ್ದರೆ ಓದುಗರು ಆ ಸಾಲು ದಾಟಿ ಮುಂದೆ ಹೋಗಬಹುದು. ಕೆಳಗಿನ ಪ್ರಸಂಗಗಳೆಲ್ಲ ಒಂದೇ ಮಳೆಗಾಲದವು, ಒಂದೇ ಓಣಿಯವು.

೧. ಅಂಗಡಿಯಲ್ಲಿ ಶಾಣ್ಯಾ

ನಮ್ಮ ಓಣಿಯಲ್ಲಿ ನಿವೃತ್ತರಾದ ಒಬ್ಬ ಹೈಸ್ಕೂಲು ಮಾಸ್ತರರಿದ್ದರು. ಒಂದು ದಿನ ಅವರು ಟಾಂಗಾದಲ್ಲಿ, ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ದೊಡ್ಡ ಗಂಟಿನೊಂದಿಗೆ ದೂರದ ಪೇಟೆಯಲ್ಲಿದ್ದ ನಮ್ಮ ಅಂಗಡಿಗೆ ಬಂದರು. ಕೌದಿ ಬಿಚ್ಚಿದರೆ ಒಳಗೆ ರೇಡಿಯೋ. ಜ್ವರ ಬಂದ ಕೂಸನ್ನು ತಂದ ಹಾಗೆ ತಂದಿದ್ದರು.

"ಖರಖರ ಅನ್ಲಿಕತ್ತದ. ನೋಡು," ಎಂದರು.

ನಾನು ಹಚ್ಚಿ ನೋಡಿದೆ. ಧಾರವಾಡದ ಕೇಂದ್ರ ಗಂಟೆ ಬಾರಿಸಿದಂತೆ ಸ್ಪಷ್ಟವಾಗಿ ಬಂತು. ಮಾಸ್ತರರು ಕೌದಿ ಸುತ್ತಿಕೊಂಡು ಹೋದರು. ಮರುದಿನ ಮತ್ತೆ ಟಾಂಗಾ, ಮತ್ತೆ ಕೌದಿ. ಮತ್ತೆ ನಮ್ಮಲ್ಲಿ ಸ್ಪಷ್ಟ. ಮೂರನೆಯ ಸಲ ಬಂದಾಗ ಅವರು ರೇಡಿಯೋ ಇಳಿಸಿ, ಜೇಬಿನಿಂದ ಒಂದು ಅಂಚೆ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. "ಓದು. ಜೋರಲೆ ಓದಬ್ಯಾಡ."

ಕಾರ್ಡು ಅವರ ಮಗಳದು. ಧಾರವಾಡಕ್ಕೆ ಲಗ್ನವಾಗಿ ಹೋದವಳು. ಲಗ್ನಕ್ಕೆ ಮೊದಲೇ ರೇಡಿಯೋದಲ್ಲಿ ಹಾಡುವುದಕ್ಕೆ ಪರೀಕ್ಷೆ ಕೊಡುತ್ತೇನೆ ಎಂದಿದ್ದಳಂತೆ. 'ಮಾಸ್ತರನ ಮಗಳು ಊರ ಮುಂದ ಹಾಡೂದು ಬ್ಯಾಡ' ಎಂದು ಇವರು ತಡೆದಿದ್ದರು. ಅಲ್ಲಿಂದ ಮಾತು ನಿಂತಿತ್ತು, ಪತ್ರವೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಬಂದ ಈ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು: 'ಬರುವ ತಿಂಗಳ ಮೊದಲ ಶುಕ್ರವಾರ ಮುಂಜಾನೆ ಎಂಟೂವರೆಗೆ ಹದಿನೈದು ನಿಮಿಷ ನನ್ನ ಹಾಡು ಇದೆ. ಕೇಳಿದರೆ ಕೇಳಿರಿ.'

ಇಲ್ಲಿ ಒಂದು ಮಾತು ಹೇಳಲೇಬೇಕು. ಆಗ ಹಾಡುವವರು ಕೇಂದ್ರದಲ್ಲಿ ಕುಳಿತು ಹಾಡುತ್ತಿದ್ದಂತೆಯೇ ಅದು ನಮ್ಮ ಮನೆಗೆ ಬರುತ್ತಿತ್ತು. ಹಿಡಿದಿಟ್ಟುಕೊಳ್ಳುವ ಯಂತ್ರ ನಮ್ಮಂಥವರ ಮನೆಗಳಲ್ಲಿ ಇರಲಿಲ್ಲ. ಆ ಹದಿನೈದು ನಿಮಿಷ ಹೋದರೆ ಹೋಯಿತು.

"ಕೇಳಿ ಅಕಿಗೆ ಪತ್ರ ಬರೀಬೇಕು," ಎಂದರು ಮಾಸ್ತರರು. "ಕೇಳದನ ಛಲೋ ಹಾಡಿದಿ ಅಂತ ಬರಿಯೂದು ನನ್ನ ಕೈಲೆ ಆಗೂದಿಲ್ಲ. ಪೇಪರ ನೋಡದ ಮಾರ್ಕ್ಸ್ ಹಾಕಿದಂಗ ಆಗ್ತದ."

ನಾನು ರೇಡಿಯೋ ಹಚ್ಚಿದೆ. ಮತ್ತೆ ಸ್ಪಷ್ಟ. ಮಾಸ್ತರರು ಅದರ ಕಡೆ ಬೆರಳು ತೋರಿಸಿದರು.

"ಮನ್ಯಾಗ ಉಡಾಳ, ಇನ್ಸ್ಪೆಕ್ಟರ್ ಮುಂದ ಶಾಣ್ಯಾ. ಸಾಲ್ಯಾಗ ಇಂಥಾವ್ರನ್ನ ಮೂವತ್ತು ವರ್ಷ ನೋಡೀನಿ ನಾನು. ಇದಕ್ಕ ರಿಪೇರಿ ಬ್ಯಾಡ, ನಾಲ್ಕು ಛಡಿ ಏಟು ಬೇಕು!"

೨. ಪತ್ತೆ ಹಚ್ಚಿದ್ದು

ತೊಂದರೆ ರೇಡಿಯೋದಲ್ಲಿಲ್ಲ, ಓಣಿಯಲ್ಲಿದೆ ಎಂದು ನನಗೆ ಗೊತ್ತಾಯಿತು. ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕೆ ಒಂದು ಉಪಾಯವಿದೆ. ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರಿನೊಳಗೆ ಒಂದು ಕಪ್ಪು ಕಡ್ಡಿ ಇರುತ್ತದೆ. ಆ ಕಡ್ಡಿಯ ತುದಿ ಖರಖರ ಬರುವ ದಿಕ್ಕಿಗೆ ನೆಟ್ಟಗಾದರೆ ಸದ್ದು ಸಣ್ಣದಾಗುತ್ತದೆ, ಅಡ್ಡವಾದರೆ ಜೋರಾಗುತ್ತದೆ. ಹಾಗಾಗಿ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ನಾಲ್ಕು ಹೆಜ್ಜೆ ನಡೆಯಬೇಕು, ನಿಂತು ಒಂದು ಸುತ್ತು ತಿರುಗಬೇಕು, ಮತ್ತೆ ನಾಲ್ಕು ಹೆಜ್ಜೆ. ನಮ್ಮ ಮಾಲಕರ ಟ್ರಾನ್ಸಿಸ್ಟರ್ ತೆಗೆದುಕೊಂಡು ಹೊರಟೆ. ಜಿಟಿಜಿಟಿ ಮಳೆ. ನೀರು ಬೀಳಬಾರದೆಂದು ಅದರ ಮೇಲೆ ಕರವಸ್ತ್ರ ಮುಚ್ಚಿ ಗಲ್ಲಕ್ಕೆ ಒತ್ತಿಕೊಂಡಿದ್ದೆ.

ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ನನ್ನ ಮೂರು ಸುತ್ತುಗಳನ್ನು ನೋಡಿ, "ಯಪ್ಪಾ, ಯಾವ ದೇವರಿಗೆ ಹರಕಿ ಹೊತ್ತಿ?" ಎಂದರು. ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತದೆಂದು ನಾನು ಮತ್ತೊಂದು ಸುತ್ತು ತಿರುಗಿದೆ.

ಓಣಿಯ ಕೊನೆಗೆ ಒಂದು ಬಯಲಿತ್ತು. ಅಲ್ಲಿ ತಿಂಗಳ ಹಿಂದೆ ಒಂದು ಗಾಡಿ ಬಂದು ನಿಂತಿತ್ತು. ಗಾಡಿ ಎಂದರೆ ಎತ್ತಿನ ಗಾಡಿಯಲ್ಲ. ಮೀರಜ್ ಕಡೆಯ ಹಲ್ಲಿನ ಡಾಕ್ಟರರೊಬ್ಬರು ಒಂದು ಹಳೆಯ ಬಸ್ಸು ಕೊಂಡು, ಸೀಟುಗಳನ್ನು ತೆಗೆಸಿ, ಮುಂದೆ ದವಾಖಾನೆ, ಹಿಂದೆ ಮನೆ ಮಾಡಿಕೊಂಡಿದ್ದರು. ಹೆಂಡತಿಯೊಂದಿಗೆ ಊರೂರು ತಿರುಗಿ, ಒಂದೊಂದು ಊರಿನಲ್ಲಿ ಮೂರು ನಾಲ್ಕು ತಿಂಗಳು ನಿಲ್ಲುತ್ತಿದ್ದರು. ಓಣಿಯವರು ಅದಕ್ಕೆ 'ಗಾಡಿಮನಿ' ಎಂದು ಹೆಸರಿಟ್ಟಿದ್ದರು. ಡಾಕ್ಟರರು ಪಕ್ಕದ ಮನೆಯಿಂದ ತಂತಿ ಎಳೆದು ಕರೆಂಟು ತೆಗೆದುಕೊಂಡಿದ್ದರು.

ನಾನು ಗಾಡಿಮನಿಯ ಹತ್ತಿರ ಬಂದಂತೆ ಖರಖರ ತಡೆಯಲಾರದಷ್ಟಾಯಿತು. ಥಟ್ಟನೆ ನಿಂತಿತು. ಒಳಗಿನಿಂದ ಯಾರೋ "ಯಪ್ಪಾ ಸತ್ತೆ!" ಎಂದು ಕೂಗಿದರು. ಮತ್ತೆ ಖರ್‌ರ್ ಸುರುವಾಯಿತು. ಹಲ್ಲು ಕೊರೆಯುವ ವಿದ್ಯುತ್ ಯಂತ್ರ! ಧಾರವಾಡದ ಕೇಂದ್ರ ನಮಗೆ ಎಷ್ಟು ಹತ್ತಿರವಿದ್ದರೂ ಗಾಡಿಮನಿ ಅದಕ್ಕಿಂತ ಹತ್ತಿರವಿತ್ತು.

ಅಷ್ಟರಲ್ಲಿ ಆ ರೋಗಿ ಇಳಿದು ಹೋದ. ಡಾಕ್ಟರರು ಬಾಗಿಲಿಗೆ ಬಂದು, ಗಲ್ಲಕ್ಕೆ ಬಟ್ಟೆ ಒತ್ತಿಕೊಂಡು ಮಳೆಯಲ್ಲಿ ಗರಗರ ತಿರುಗುತ್ತಿದ್ದ ನನ್ನನ್ನು ನೋಡಿದರು.

"ಅಯ್ಯೋ, ಎಷ್ಟು ಬಾತೈತ್ರಿ! ಎಷ್ಟು ದಿವ್ಸ ಆತು?" ಎಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು.

"ಸಾಹೇಬ್ರ, ನಾ ರೇಡಿಯೋದಾಂವ..."

"ಮಾತಾಡಿದ್ರ ನೋವು ಹೆಚ್ಚಾಗ್ತೈತಿ. ಬಾಯಿ ತಗೀರಿ."

ಬಾಯಿ ತೆರೆದದ್ದೇ ನನ್ನ ತಪ್ಪು. ಒಳಗೆ ನಿಜವಾಗಿಯೂ ಒಂದು ಹುಳುಕು ದವಡೆ ಹಲ್ಲಿತ್ತು. ಅರ್ಧ ಗಂಟೆಯ ಮೇಲೆ ಹೊರಗೆ ಬಂದಾಗ ಖರಖರ ಎಲ್ಲಿಂದ ಬರುತ್ತದೆಂಬುದು ನನ್ನಷ್ಟು ಖಚಿತವಾಗಿ ಹುಬ್ಬಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗಾದರೂ ಹೇಳೋಣವೆಂದರೆ ಬಾಯಿ ತುಂಬ ಹತ್ತಿ ಇತ್ತು.

೩. ದಿಲ್ಲಿ ವಾರ್ತೆ

ಮರುದಿನ ಹತ್ತಿ ತೆಗೆದು ಸುದ್ದಿ ಹೇಳಿದೆ. ಹೇಳಬಾರದಿತ್ತು. ಖರಖರ ಎಂದರೆ ಯಾರದೋ ಹಲ್ಲು ಎಂದು ಇಡೀ ಓಣಿಗೆ ತಿಳಿದುಹೋಯಿತು. ಹೆಂಗಸರು ಅಡುಗೆ ಮಾಡುತ್ತಲೇ ಕಿವಿಗೊಟ್ಟು, "ಸಣ್ಣ ಹಲ್ಲು... ಅಲ್ಲವ್ವಾ, ದವಡಿ ಇರಬೇಕು, ಇನ್ನೂ ನಿಂತಿಲ್ಲ ನೋಡು," ಎನ್ನತೊಡಗಿದರು.

ನಮ್ಮಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದರು. ಆಳುಗಳ ಮೇಲೆ ಹುಲಿ, ಹಲ್ಲಿನ ಡಾಕ್ಟರರೆಂದರೆ ಇಲಿ. ಸುಳ್ಳ ಎಂಬ ಹತ್ತಿರದ ಹಳ್ಳಿಗೆ ಕಾಳು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಒಂದು ಮಧ್ಯಾಹ್ನ ಗುಟ್ಟಾಗಿ ಗಾಡಿಮನಿ ಹೊಕ್ಕರು. ಹೊರಗೆ ಬಂದಾಗ ಓಣಿಯ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು.

"ಸುಳ್ಳಕ್ಕ ಹೋಗಿದ್ರೇನ್ರಿ ಕಾಕಾ?" ಎಂದರು ಒಬ್ಬರು.

ವ್ಯಾಪಾರಿ ಗಲ್ಲ ಹಿಡಿದುಕೊಂಡೇ ತಲೆಯಾಡಿಸಿದರು.

"ಭಾಳ ಛಲೋ ಆತು. ನಿಮ್ಮ ಒಂದು ದವಡಿ ಹಲ್ಲಿನ ಸಲುವಾಗಿ ನಮಗೆಲ್ಲಾ ದಿಲ್ಲಿ ವಾರ್ತಾ ಪೂರಾ ಹೋತು!"

೪. ಸಂಗೀತ ಮುಗಿಯುವ ತನಕ

ಮಾಸ್ತರರಿಗೆ ಇದು ನಗುವ ಮಾತಾಗಿರಲಿಲ್ಲ. ಕೊಡೆ ಹಿಡಿದುಕೊಂಡು ನೆಟ್ಟಗೆ ಗಾಡಿಮನಿಗೆ ನಡೆದರು. ನಾನೂ ಹಿಂದೆ ಓಡಿದೆ.

"ನಿಮ್ಮ ಯಂತ್ರ ಬಂದ್ ಮಾಡ್ರಿ," ಎಂದರು ಮಾಸ್ತರರು, ನಮಸ್ಕಾರವನ್ನೂ ಹೇಳದೆ.

"ಬಂದ್ ಮಾಡಿದ್ರ ಹೊಟ್ಟಿಗೆ ಏನ ತಿನ್ನೂಣ್ರಿ?"

"ಪೂರಾ ಅಲ್ಲ. ಹಾಡು ಬರೂ ದಿವಸ, ಹದಿನೈದು ಮಿನಿಟ."

"ಆ ಹೊತ್ನ್ಯಾಗ ಯಾರರೆ ಬಾಯಿ ತಗದು ಕುಂತಿರ್ತಾರ್ರಿ. ಅವ್ರಿಗೆ ಏನ ಹೇಳ್ಲಿ? ಸಂಗೀತ ಮುಗಿಯೂ ತನಕ ಹಂಗ ಇರ್ರಿ ಅನ್ಲ್ಯಾ?"

"ಅನ್ರಿ," ಎಂದರು ಮಾಸ್ತರರು. "ಅವ್ರೂ ಕೇಳ್ಲಿ. ಕೇಳ್ಲಿಕ್ಕೆ ಬಾಯಿ ಯಾಕ ಮುಚ್ಚಬೇಕು?"

೫. ಕೊಳವೆಯ ಪೂಜೆ

ಇಬ್ಬರೂ ಹಟಮಾರಿಗಳು. ಜಗಳ ಬಿಡಿಸುವುದಕ್ಕಿಂತ ಖರಖರ ಬಿಡಿಸುವುದು ಸುಲಭವೆಂದು ನಾನು ಉಪಕರಣಗಳ ಚೀಲ ತೆಗೆದುಕೊಂಡು ಗಾಡಿ ಹತ್ತಿದೆ. ಹತ್ತುವಾಗ ಕೈಗೆ 'ಜುಂ' ಎಂದು ಸಣ್ಣ ಶಾಕ್ ಹೊಡೆಯಿತು. ಅದೇ ದೊಡ್ಡ ಸುಳಿವು. ಕಾರಣ ಹೇಳುತ್ತೇನೆ: ಮನೆಯ ವೈರಿಂಗಿನಿಂದ ಒಂದು ತಂತಿ ನೆಲಕ್ಕೆ ಹೋಗಿರುತ್ತದೆ, ಅದಕ್ಕೆ ಅರ್ಥಿಂಗ್ ಎನ್ನುತ್ತಾರೆ. ಗಾಡಿ ನಿಂತದ್ದು ರಬ್ಬರ್ ಚಕ್ರಗಳ ಮೇಲೆ. ಅದರ ತಗಡಿನ ಮೈಗೂ ನೆಲಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಒಳಗೆ ಹುಟ್ಟಿದ ತೊಂದರೆಯನ್ನೆಲ್ಲ ಆ ತಗಡೇ ಓಣಿಗೆ ಹಂಚುತ್ತಿತ್ತು.

"ಸಾಹೇಬ್ರ, ಈ ಶಾಕ್ ಪೇಶಂಟ್‌ಗಳಿಗೂ ಹೊಡೀತೇನ್ರಿ?" ಎಂದೆ.

"ಹೊಡೀತೈತಿ. ಹಲ್ಲಿನ ನರ ಅಂತ ಹೇಳಿ ಕಳಸ್ತೇನಿ," ಎಂದರು ಡಾಕ್ಟರರು.

ಮೊದಲು ಕೊರೆಯುವ ಯಂತ್ರಕ್ಕೆ ಕಂಡೆನ್ಸರ್ ಹಾಕಿದೆ. ಇದು ಬೆರಳಿನ ಗಾತ್ರದ ಸಣ್ಣ ವಸ್ತು. ಮೋಟಾರಿನ ಕಿಡಿಯ ತೊಂದರೆ ತಂತಿ ಹಿಡಿದು ಹೊರಗೆ ಹೋಗದಂತೆ ಅಲ್ಲಿಯೇ ನುಂಗುತ್ತದೆ. ಅರ್ಧ ಖರಖರ ಹೋಯಿತು, ಅರ್ಧ ಉಳಿಯಿತು. ನೋಡಿದರೆ ಗಾಡಿಯ ಹಿಂಭಾಗದಲ್ಲಿ ಡಾಕ್ಟರರ ಹೆಂಡತಿ ಹೊಲಿಗೆ ಮಿಷನ್ನು ನಡೆಸುತ್ತಿದ್ದರು. ಅದಕ್ಕೂ ಮೋಟಾರು. ಅವರನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು, ಅಣ್ಣನ ಹೆಂಡತಿಯನ್ನು ಕರೆಯುವಂತೆ.

"ವೈನಿ, ನಿಮ್ಮ ಮಿಷನ್ನಿಗೂ ಒಂದು ಹಾಕ್ತೇನಿ."

"ಹಾಕ್ರಿ. ಆದ್ರ ನಮ್ಮವ್ರ ಕೈಲೆ ಹಾಕಸಬ್ಯಾಡ್ರಿ. ಅವ್ರು ಮಿಷನ್ನಿನ ಸೂಜಿನೂ ಕಿತ್ತು ಕೈಯಾಗ ಕೊಡ್ತಾರ."

ಕೊನೆಗೆ ಅರ್ಥಿಂಗ್. ಗಾಡಿಯ ಪಕ್ಕದಲ್ಲಿ ಕುಣಿ ತೋಡಿ, ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ಮುಚ್ಚಿದೆ. ಕೊಳವೆಯ ತಲೆ ಮೊಳದಷ್ಟು ಮೇಲೆ ಇತ್ತು. ಅದರಿಂದ ಗಾಡಿಯ ಮೈಗೆ ತಂತಿ ಕಟ್ಟಿದೆ. ಅದಕ್ಕೆ ನೆಲ ಯಾವಾಗಲೂ ಹಸಿಯಾಗಿರಬೇಕು. ಮಳೆ ನಿಂತು ಬಿಸಿಲು ಬಿದ್ದಿತ್ತು, ಹೀಗಾಗಿ, "ವೈನಿ, ದಿನಾ ಮುಂಜಾನೆ ಇದಕ್ಕ ಒಂದು ತಂಬಗಿ ನೀರು ಹಾಕ್ರಿ," ಎಂದು ಹೇಳಿ ಹೋದೆ.

ವೈನಿ ಚೊಕ್ಕ ಹೆಂಗಸು. ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಬಂದು ನೀರು ಹಾಕುತ್ತಿದ್ದರು. ಓಣಿಯ ಹೆಂಗಸರು ಎರಡು ದಿನ ದೂರದಿಂದ ನೋಡಿದರು. ಉಪ್ಪು ತುಂಬಿದ್ದು, ಇದ್ದಿಲು ತುಂಬಿದ್ದು, ಮುಂಜಾನೆ ಮಡಿಯಲ್ಲಿ ನೀರು ಹಾಕುವುದು ಎಲ್ಲ ಕಂಡಿತ್ತು. ಕೇಳುವುದಕ್ಕೆ ಸಂಕೋಚ. ಮೂರನೆಯ ದಿನ ನಾನು ಹೋದಾಗ ಕೊಳವೆಗೆ ಅರಿಸಿನ, ಕುಂಕುಮ, ಒಂದು ಸೇವಂತಿಗೆ ಹೂವು. ಆರೇಳು ಮಂದಿ ಕೊಡ ಹಿಡಿದು ಪಾಳಿ ನಿಂತಿದ್ದರು.

"ಇದು ಏನಂತ ತಿಳಿದೀರ್ಯವ್ವಾ?" ಎಂದೆ.

"ಹಲ್ಲು ನೋವು ಕಳಿಯೂ ದೇವ್ರಲ್ಲೇನಪಾ?" ಎಂದರು, ನನ್ನನ್ನು ಹರಕೆಯ ಬಗ್ಗೆ ಕೇಳಿದ ಅದೇ ಅಜ್ಜಿ.

ನಾನು ವಿವರಿಸಬೇಕೆಂದು ಬಾಯಿ ತೆರೆದೆ. ವಿವರಿಸುವುದು ನನ್ನ ಚಾಳಿ ಎಂಬುದು ನಿಮಗೆ ಈಗಾಗಲೇ ಗೊತ್ತು. ಆದರೆ ಆ ದಿನ ಟ್ರಾನ್ಸಿಸ್ಟರ್ ಹಚ್ಚಿ ನೋಡಿದರೆ ಖರಖರ ಸೊಳ್ಳೆಯ ಸದ್ದಿನಷ್ಟೇ ಉಳಿದಿತ್ತು. ಆರೇಳು ಕೊಡ ನೀರು ಬಿದ್ದ ಅಂಥ ಅರ್ಥಿಂಗ್ ಹುಬ್ಬಳ್ಳಿಯ ಯಾವ ಗಿರಣಿಗೂ ಇರಲಿಕ್ಕಿಲ್ಲ. ನಾನು ಬಾಯಿ ಮುಚ್ಚಿಕೊಂಡು, ಒಂದು ಸಲ ಕೈ ಮುಗಿದು ಬಂದೆ.

೬. ಶುಕ್ರವಾರ ಎಂಟೂವರೆ

ಆ ಶುಕ್ರವಾರ ಬಂತು. ಮಾಸ್ತರರು ಏಳು ಗಂಟೆಗೇ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ರೇಡಿಯೋದ ಮುಂದೆ ಕೂತಿದ್ದರು. ಪಕ್ಕದಲ್ಲಿ ಕಾಗದ, ಮಸಿ ತುಂಬಿದ ಪೆನ್ನು. ಕೇಳಿದ ಕೂಡಲೇ ಬರೆಯಬೇಕಲ್ಲ. ಪಡಸಾಲೆಯಲ್ಲಿ ಓಣಿಯ ಜನವೆಲ್ಲ ಸೇರಿತ್ತು. ಅಷ್ಟು ಸಣ್ಣ ಖರಖರವೂ ಇರಬಾರದೆಂದು ನಾನು ಮನೆಮನೆಗೆ ಹೋಗಿ, ಎಂಟೂವರೆಯಿಂದ ಕಾಲು ಗಂಟೆ ಫ್ಯಾನು, ಇಸ್ತ್ರಿ ಪೆಟ್ಟಿಗೆ ಏನೂ ಹಚ್ಚಬೇಡಿರೆಂದು ಬೇಡಿಕೊಂಡಿದ್ದೆ. ಡಾಕ್ಟರರು ಕೂಡ ಕೊನೆಗೆ ಮನಸ್ಸು ಮಾಡಿ, ಒಂಬತ್ತರ ತನಕ ಯಾರ ಬಾಯಿಯನ್ನೂ ತೆರೆಯುವುದಿಲ್ಲ ಎಂದಿದ್ದರು.

ರೇಡಿಯೋದ ಹಸಿರು ಕಣ್ಣು, ಕೇಂದ್ರ ಸರಿಯಾಗಿ ಸಿಕ್ಕಿದೆ ಎಂದು ತೋರಿಸುವ ದೀಪ, ಹೊಳೆಯಿತು. ಒಂದು ಚೂರೂ ಖರಖರವಿಲ್ಲ. "ಈಗ ಸಮಯ ಎಂಟು ಗಂಟೆ ಮೂವತ್ತು ನಿಮಿಷ," ಎಂದಿತು ರೇಡಿಯೋ. ಆಮೇಲೆ ಹಸಿರು ಕಣ್ಣು ಮೆಲ್ಲಗೆ ಮುಚ್ಚಿತು.

ಸ್ವಿಚ್ಚು ನೋಡಿದೆ. ಫ್ಯೂಸು ನೋಡಿದೆ. ಎಲ್ಲ ಸರಿ. ಅಷ್ಟರಲ್ಲಿ ನಮ್ಮ ಓಣಿಯ ಲೈನ್‌ಮನ್ ಸೈಕಲ್ಲಿನಿಂದ ಇಳಿದು, ಏದುಸಿರು ಬಿಡುತ್ತ, ಮುಖ ಅರಳಿಸಿಕೊಂಡು ಬಾಗಿಲಲ್ಲಿ ನಿಂತ.

"ಮಾಸ್ತರ್ರ, ಇನ್ನ ನಿಶ್ಚಿಂತಿ ಕೇಳ್ರಿ! ಇಂವಾ ಮನಿಮನಿಗೆ ಹೋಗಿ ಬೇಡ್ಕೊಳ್ಳೂದು ನೋಡಿ ನನಗ ಕೆಟ್ಟ ಅನಿಸ್ತು. ಹಾಡು ಸುರು ಆಗೂ ಹೊತ್ತಿಗೆ ಬಂದ್ ಆಗೂ ಹಂಗ ಪವರ್ ಹೌಸಿನ್ಯಾಗ ಹೇಳಿ ಬಂದೇನಿ. ಇಡೀ ಭಾಗದ್ದು ಕರೆಂಟ! ಒಂದು ಫ್ಯಾನ ತಿರಗಿದ್ರ ನನ್ನ ಹೆಸರು ತಗೀರಿ."

ಪಡಸಾಲೆಯ ಮಂದಿಯೆಲ್ಲ ನನ್ನ ಕಡೆ ತಿರುಗಿದರು. ಕೊನೆಗೆ ನಾನೇ ಕೇಳಿದೆ: "ಮತ್ತ ರೇಡಿಯೋ ಯಾತರ ಮ್ಯಾಲೆ ನಡೀತೈತೋ?"

ಅವನು ಮಾಸ್ತರರನ್ನು ನೋಡಿದ, ರೇಡಿಯೋ ನೋಡಿದ, ನನ್ನನ್ನು ನೋಡಿದ. "ಅದೂ ಕರೆಂಟಿನ ಮ್ಯಾಲೇನ?" ಎಂದ. ಆಮೇಲೆ ಸೈಕಲ್ಲಿನ ಕಡೆ ಓಡುತ್ತ, "ಹೋಗಿ ಹಚ್ಚಿಸಾಕ ಇಪ್ಪತ್ತು ಮಿನಿಟ ಬೇಕ್ರಿ!" ಎಂದು ಕೂಗಿದ.

ಹಾಡು ಇದ್ದದ್ದು ಹದಿನೈದು ನಿಮಿಷ. ಸೆಲ್ಲಿನ ಮೇಲೆ ನಡೆಯುವ ಮಾಲಕರ ಟ್ರಾನ್ಸಿಸ್ಟರ್ ಹಿಂದಿನ ವಾರವೇ ಮಾರಿಹೋಗಿತ್ತು. ಮಾಸ್ತರರು ಬೈಯಲಿಲ್ಲ. ಪೆನ್ನಿನ ಟೋಪಿ ಮುಚ್ಚಿ, ಕಾಗದ ಮಡಚಿ, ಎರಡನ್ನೂ ಜೇಬಿಗೆ ಹಾಕಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆಗ ಓಣಿಯ ಕೊನೆಯಿಂದ ಡಾಕ್ಟರರ ಧ್ವನಿ ಕೇಳಿಸಿತು. "ಮಾಸ್ತರ್ರ! ಲಗೂ ಬರ್ರಿ! ಗಾಡ್ಯಾಗ ಹಾಡಾಕತ್ತಾರ!"

ಗಾಡಿಮನಿಯಲ್ಲಿ ಡ್ರೈವರ್ ಕೂಡುವ ಜಾಗದ ಪಕ್ಕದಲ್ಲಿ ಬಸ್ಸಿನ ಬ್ಯಾಟರಿಯ ಮೇಲೆ ನಡೆಯುವ ಒಂದು ರೇಡಿಯೋ ಇತ್ತು, ಕರೆಂಟಿಲ್ಲದ ಊರುಗಳಿಗಾಗಿ ಇಟ್ಟುಕೊಂಡದ್ದು. ವೈನಿ ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು, ಡಾಕ್ಟರರು ಆ ಬಟ್ಟೆಯ ಮೇಲೆ ಮಾದರಿ ಹಲ್ಲುಗಳ ಸಾಲು ಇಟ್ಟಿದ್ದರಿಂದ ಅದನ್ನು ನಾನು ಮೇಜು ಎಂದೇ ತಿಳಿದಿದ್ದೆ.

ಮಾಸ್ತರರು ಅಷ್ಟು ಜೋರಾಗಿ ಓಡಿದ್ದನ್ನು ಓಣಿ ಅದೇ ಮೊದಲು ನೋಡಿದ್ದು. ಗಾಡಿಯೊಳಗೆ ಕೂಡಲು ಇದ್ದದ್ದು ಒಂದೇ ಕುರ್ಚಿ, ಹಲ್ಲು ಕೀಳುವ ಕುರ್ಚಿ. ಅದರಲ್ಲೇ ಕೂತರು. ಅದು ಹಿಂದಕ್ಕೆ ಬಾಗಿ ಅವರನ್ನು ಮಲಗಿಸಿತು. ಓಣಿಯವರೆಲ್ಲ ಹೊರಗೆ ಕಿಟಕಿಗಳಿಗೆ ಕಿವಿ ಹಚ್ಚಿ ನಿಂತರು. ನಾಲ್ಕು ಸಾಲು ಹಲ್ಲುಗಳು ನಗುತ್ತಿದ್ದ ಆ ಪೆಟ್ಟಿಗೆಯಿಂದ ಮಗಳ ಹಾಡು ಬಂತು, ತಿಳಿಯಾಗಿ, ಪಕ್ಕದಲ್ಲಿ ಕೂತು ಹಾಡಿದಂತೆ.

ಎರಡು ನಿಮಿಷವಾಗಿರಬೇಕು. ಖರ್, ಖರ್ ಎಂದು ಸುರುವಾಯಿತು.

ಈ ಭಾಗಕ್ಕೆಲ್ಲ ಕರೆಂಟಿಲ್ಲ, ಯಂತ್ರ ಬಂದ್, ಮಿಷನ್ನು ಬಂದ್, ಇದು ಎಲ್ಲಿಂದ? ಬ್ಯಾಟರಿಯ ತಂತಿ ಅಲ್ಲಾಡಿಸಿದೆ. ರೇಡಿಯೋದ ಹಿಂದೆ ಕೈ ಹಾಕಿದೆ. ಕೆಳಗೆ ಮಲಗಿ ತಡಕಾಡಿದೆ. ಖರ್, ಖರ್. ವೈನಿ ಬಗ್ಗಿ ನನ್ನ ಅಂಗಿ ಎಳೆದು ಕಿವಿಯಲ್ಲಿ ಹೇಳಿದರು:

"ಏಳ್ರಿ ಮ್ಯಾಲೆ. ಅದು ರೇಡಿಯೋ ಅಲ್ಲ, ಮಾಸ್ತರ್ರು."

ಎದ್ದು ನೋಡಿದೆ. ಮಾಸ್ತರರು ಕುರ್ಚಿಯಲ್ಲಿ ಮಲಗಿದಂತೆಯೇ ಧೋತರದ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಹಾಡು ಮುಗಿಯುವ ತನಕ ಆ ಖರಖರ ನಿಲ್ಲಲಿಲ್ಲ, ನಿಲ್ಲಿಸುವ ಉಪಾಯ ನನ್ನ ಚೀಲದಲ್ಲೂ ಇರಲಿಲ್ಲ. ಮುಗಿದ ಮೇಲೆ ಕಣ್ಣು ಒರೆಸಿಕೊಂಡು, ಕಿಟಕಿಗಳ ತುಂಬ ಮುಖಗಳಿದ್ದದ್ದು ನೋಡಿ, ಗದರಿದರು:

"ಏನ ನೋಡ್ತೀರಿ? ಹಲ್ಲು ನೋಯ್ಲಿಕತ್ತಾವ."

ಹಲ್ಲು ಎಂದ ಕೂಡಲೇ ಡಾಕ್ಟರರು ಅಭ್ಯಾಸಬಲದಿಂದ ಅವರ ಗದ್ದ ಹಿಡಿದು ಬಾಯಿ ತೆರೆಸಿದರು. ಬಗ್ಗಿ ನೋಡಿದರು. ಇನ್ನೂ ಬಗ್ಗಿ ನೋಡಿದರು.

"ಮಾಸ್ತರ್ರ, ಮ್ಯಾಲಿನ ಸಾಲು, ಕೆಳಗಿನ ಸಾಲು, ಎರಡೂ ಕಟ್ಟಿಸಿದ ಹಲ್ಲು ಅದಾವಲ್ರಿ. ಇವು ಹ್ಯಾಂಗ ನೋಯ್ತಾವ?"

"ಧಾರವಾಡದಾಗ ಕಟ್ಟಿಸೀನಿ," ಎಂದರು ಮಾಸ್ತರರು. "ನೋಯ್ತಾವ." ಬಾಯಿ ಮುಚ್ಚಿ, ಕಾಗದ, ಪೆನ್ನು ತೆಗೆದು, ಆ ಕುರ್ಚಿಯಲ್ಲೇ ಪತ್ರ ಬರೆಯತೊಡಗಿದರು.